ಉಸಿರು ಬಿಗಿಹಿಡಿದು ಮಾಡುವ ಕೆಲಸ

ಜೌಗು ನೆಲದಿಂದ ಎಷ್ಟು ಮೀಥೇನ್, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಅಂತ ಅಳೆಯಲು ಮೊದಲ ಸಲ ಹೋದಾಗ ನನ್ನ ಬಳಿ ಇದ್ದದ್ದು ತಳವಿಲ್ಲದ ಒಂದು ಡಬ್ಬ, ಸಿರಿಂಜು, ರಬ್ಬರ್ ಮುಚ್ಚಳದ ಪುಟ್ಟ ಗಾಜಿನ ಶೀಶೆಗಳು ಮತ್ತು ಒಂದು ಗಡಿಯಾರ. ಆ ಡಬ್ಬಕ್ಕೆ ಚೇಂಬರ್ ಅನ್ನುತ್ತೇವೆ. ನೆಲದಲ್ಲಿ ಮೊದಲೇ ಊರಿಟ್ಟ ಕಾಲರ್ (ಚೇಂಬರ್ ಕೂರಲು ಇರುವ ಚೌಕಟ್ಟು) ಮೇಲೆ ಅದನ್ನು ಕವಿಚಿ, 0, 10, 20, 30ನೇ ನಿಮಿಷಕ್ಕೆ ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಶೀಶೆಗೆ ತುಂಬುವುದು. ಒಳಗೆ ಅನಿಲ ಎಷ್ಟು ಬೇಗ ಏರುತ್ತದೋ ಅದರಿಂದಲೇ ಲೆಕ್ಕ. ಅಂದಿನ ಉಷ್ಣಾಂಶ, ಗಾಳಿಯ ಒತ್ತಡ ಬರೆದುಕೊಳ್ಳದಿದ್ದರೆ ಆ ಲೆಕ್ಕವೂ ಕೈಕೊಡುತ್ತದೆ.

ಸುಲಭ ಅಲ್ವಾ? ನನ್ನ ಮೊದಲ ದಿನದ 0 ನಿಮಿಷದ ಮಾದರಿಯಲ್ಲೇ ಕಾರ್ಬನ್ ಡೈಆಕ್ಸೈಡ್ 900 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 900 ಭಾಗ) ಬಂತು. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಯಂತ್ರ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಹಾಳು ಮಾಡಿದೆ. ಕೊನೆಗೆ ಗೊತ್ತಾಯಿತು, ಅದು ನನ್ನದೇ ಉಸಿರು! ನಾವು ಬಿಡುವ ಉಸಿರಿನಲ್ಲಿ ಸುಮಾರು 4%, ಅಂದರೆ 40,000 ಪಿಪಿಎಂ ಇರುತ್ತದೆ. ನಾನೋ ಚೇಂಬರ್ ಮೇಲೆ ಬಗ್ಗಿ ಏದುಸಿರು ಬಿಡುತ್ತಾ ಮುಚ್ಚಿದ್ದೆ. ಈಗ ಗಾಳಿ ನನ್ನ ಕಡೆಗೆ ಬೀಸುವಂತೆ ನಿಂತು, ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ಮುಚ್ಚುತ್ತೇನೆ. ನೋಡುವವರಿಗೆ ತಮಾಷೆ ಅನಿಸಬಹುದು.

ಎರಡನೇ ಪಾಠ ಶೀಶೆಗಳದ್ದು. ಒಂದು ಸಲ ಮಾದರಿಗಳನ್ನು ವಾರಗಟ್ಟಲೆ ಸುಮ್ನೆ ಇಟ್ಟುಬಿಟ್ಟೆ. ಆಮೇಲೆ ಅಳೆದರೆ ಮೀಥೇನ್ ಎಲ್ಲದರಲ್ಲೂ 2 ಪಿಪಿಎಂ ಹತ್ತಿರ, ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ. ಹಳೇ ರಬ್ಬರ್ ಮುಚ್ಚಳ, ಸೂಜಿ ಚುಚ್ಚಿ ಚುಚ್ಚಿ ಸೋರುತ್ತಿತ್ತು. ಈಗ ಶೀಶೆ ಹಿಡಿಸುವುದಕ್ಕಿಂತ ಜಾಸ್ತಿ ಗಾಳಿಯನ್ನು ಒತ್ತಿ ತುಂಬುತ್ತೇನೆ. ಸಣ್ಣದಾಗಿ ಸೋರಿದರೂ ಒಳಗಿನದು ಹೊರಗೆ ಹೋಗುತ್ತದೆಯೇ ಹೊರತು ಹೊರಗಿನದು ಒಳಗೆ ನುಗ್ಗುವುದಿಲ್ಲ. ಪ್ರಮಾಣ ಗೊತ್ತಿರುವ ಅನಿಲ ತುಂಬಿದ ಮೂರ್ನಾಲ್ಕು ಶೀಶೆಗಳನ್ನೂ ಜೊತೆಯಲ್ಲೇ ಹೊತ್ತು ತಿರುಗುತ್ತೇನೆ. ವಾಪಸ್ ಬಂದಾಗ ಅವು ಸರಿಯಾಗಿ ತೋರಿಸಿದರೆ ಉಳಿದವನ್ನೂ ನಂಬಬಹುದು.

ಲ್ಯಾಬಿನಲ್ಲಿ ಕೆಲಸ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನದು, ಅಂದರೆ ಮಾದರಿಯೊಳಗಿನ ಅನಿಲಗಳನ್ನು ಬೇರೆಬೇರೆ ಮಾಡಿ ಅಳೆಯುವ ಯಂತ್ರದ್ದು. ಅದರೊಳಗೆ ಒಂದು ಪುಟಾಣಿ ಹೈಡ್ರೋಜನ್ ಜ್ವಾಲೆ ಇರುತ್ತದೆ. ಮೀಥೇನ್ ಅದರಲ್ಲಿ ಉರಿದು ಅಯಾನುಗಳಾದಾಗ ಕರೆಂಟು ಏಳುತ್ತದೆ, ಅದನ್ನೇ ಅಳೆಯುವುದು. ಕಾರ್ಬನ್ ಡೈಆಕ್ಸೈಡ್ ಉರಿಯುವುದಿಲ್ಲವಲ್ಲ, ಅದಕ್ಕೊಂದು ಉಪಾಯವಿದೆ. ಬಿಸಿ ನಿಕ್ಕಲ್ ಮೇಲೆ ಹೈಡ್ರೋಜನ್ ಜೊತೆ ಹಾಯಿಸಿ ಅದನ್ನೂ ಮೀಥೇನ್ ಮಾಡಿಬಿಡುವುದು. ನನಗೆ ಇವತ್ತಿಗೂ ಇಷ್ಟವಾಗುವ ಜಾಣತನ ಇದು.

ಆಮೇಲೆ ಲೇಸರ್ ಯಂತ್ರ ಬಂತು. ಎದುರುಬದುರು ಕನ್ನಡಿಗಳ ನಡುವೆ ಬೆಳಕು ಓಡಾಡಿ ಓಡಾಡಿ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ, ಕೆಲವೇ ಸೆಕೆಂಡಿಗೊಂದು ಅಳತೆ ಸಿಗುತ್ತದೆ. ಆದರೆ ಇಲ್ಲಿ ನೀರಾವಿಯ ಕಾಟ. ಗಾಳಿಯಲ್ಲಿ 3% ಜಾಗವನ್ನು ನೀರಾವಿಯೇ ಹಿಡಿದಿದ್ದರೆ 420 ಪಿಪಿಎಂ ಇರಬೇಕಾದದ್ದು 407 ಅಂತ ಕಾಣುತ್ತದೆ. ಇದೇನು ಮಹಾ ಅನ್ನಬೇಡಿ. 1958ರಿಂದ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿರುವ ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ವರ್ಷದೊಳಗಿನ ಏರಿಳಿತವೇ ಸುಮಾರು 6 ಪಿಪಿಎಂ. ಹಾಗಾಗಿ ಗಾಳಿಯನ್ನು ಒಣಗಿಸಬೇಕು, ಇಲ್ಲವೇ ನೀರಾವಿಯನ್ನೂ ಅಳೆದು ಲೆಕ್ಕದಲ್ಲಿ ಸರಿಪಡಿಸಬೇಕು. ಇನ್ನೊಂದು ಮಾತು, ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡಲು ಇಡುವ, ಪ್ರಮಾಣ ಖಚಿತವಾಗಿ ಗೊತ್ತಿರುವ ಅನಿಲದ ಸಿಲಿಂಡರನ್ನು ಪೂರ್ತಿ ಖಾಲಿಯಾಗುವ ತನಕ ಬಳಸಬೇಡಿ. ಒತ್ತಡ ತೀರಾ ಇಳಿದಾಗ ಗೋಡೆಗೆ ಅಂಟಿದ್ದ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಂಡು ಪ್ರಮಾಣವೇ ಬದಲಾಗುತ್ತದೆ.

ಲೇಸರ್ ಬಂದ ಮೇಲೆಯೇ ನನ್ನ ಹಳೇ ತಪ್ಪೊಂದು ಕಣ್ಣಿಗೆ ಬಿತ್ತು. ನೆಟ್ಟಗೆ ಏರುತ್ತಿದ್ದ ಮೀಥೇನ್ ಗೆರೆ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಿದ ಹಾಗೆ ಜಿಗಿಯಿತು. ಅದೇ ಗಳಿಗೆಯಲ್ಲಿ ನಾನು ಕಾಲು ಬದಲಿಸಿದ್ದೆ. ಕೆಸರು ಅದುಮಿ ಒಂದು ಗುಳ್ಳೆ ಎದ್ದಿತ್ತು, ಅಷ್ಟೇ. ನಾಲ್ಕೇ ಮಾದರಿ ತೆಗೆಯುತ್ತಿದ್ದ ಕಾಲದಲ್ಲಿ ಇಂಥವು ಎಷ್ಟು ಸೇರಿಕೊಂಡಿದ್ದವೋ! ಈಗ ಹಲಗೆ ಹಾಸಿ ಅದರ ಮೇಲಷ್ಟೇ ನಿಲ್ಲುತ್ತೇನೆ.

ಆದರೆ ಗುಳ್ಳೆಗಳು ತಾವಾಗಿಯೂ ಏಳುತ್ತವೆ, ಮೀಥೇನ್ ಹೊರಬರುವ ನಿಜವಾದ ದಾರಿಗಳಲ್ಲಿ ಅದೂ ಒಂದು. ಗೆರೆ ನೆಟ್ಟಗಿಲ್ಲ ಅಂತ ಎಲ್ಲವನ್ನೂ ಕಿತ್ತುಹಾಕಿದರೆ ನೆಲ ಬಿಡುವುದಕ್ಕಿಂತ ಕಡಿಮೆ ಲೆಕ್ಕ ಬರುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಸಮಯ, ಉಷ್ಣಾಂಶ, ಒತ್ತಡದ ಪಕ್ಕ ಇನ್ನೊಂದು ಕಾಲಂ ಎಳೆದಿದ್ದೇನೆ: ಕಾಲು ಅಲುಗಿತಾ, ಇಲ್ವಾ?