ತೋಟದ ಸೆನ್ಸರ್ ಡೇಟಾ ದಾರಿಯಲ್ಲೇ ಕಳೆದುಹೋಗುತ್ತಿದ್ದರೆ

ಕಾರ್ಕಳ ಬದಿಯ ಅಡಿಕೆ ತೋಟ. ಮಣ್ಣಿನ ತೇವ ಅಳೆಯುವ 24 ನೋಡ್ (ಸೆನ್ಸರ್ ಮತ್ತು ರೇಡಿಯೋ ಇರುವ ಪುಟ್ಟ ಪೆಟ್ಟಿಗೆ) ಒಂದರ ಹಿಂದೊಂದು, ಪ್ರತಿಯೊಂದೂ ತನ್ನ ಡೇಟಾವನ್ನು ಮುಂದಿನದಕ್ಕೆ ದಾಟಿಸುತ್ತದೆ; ಕೊನೆಗೆ ಪಂಪ್‌ಶೆಡ್‌ನಲ್ಲಿ ಎಲ್ಲವನ್ನೂ ಸಂಗ್ರಹಿಸುವ ಗೇಟ್‌ವೇ. ದೂರದ ನೋಡ್‌ಗಳ ಪ್ಯಾಕೆಟ್ (ಡೇಟಾದ ಕಂತೆ) ಬರುತ್ತಲೇ ಇರಲಿಲ್ಲ. ಇದಕ್ಕೆ ಆಂಟೆನಾ ಬದಲಿಸಿ ಪ್ರಯೋಜನವಿಲ್ಲ, ದೋಷ ಜೋಡಣೆಯದ್ದು. ಈ ನೋಡ್‌ಗಳಲ್ಲಿರುವ 802.15.4 (ಕಡಿಮೆ ವಿದ್ಯುತ್ ಬಳಸುವ ರೇಡಿಯೋ ಮಾನದಂಡ) ರೇಡಿಯೋದ 250 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವೇಗ ಬರೀ ಕಾಗದದ ಲೆಕ್ಕ. ಒಂದೇ ಚಾನೆಲ್‌ನ ಸರಪಳಿಯಲ್ಲಿ ಅಕ್ಕಪಕ್ಕದ ನೋಡ್‌ಗಳು ಒಟ್ಟಿಗೆ ಕಳಿಸುವಂತಿಲ್ಲ, ಹಾಗಾಗಿ ಹೆಚ್ಚೆಂದರೆ ಅದರ ಮೂರನೇ ಒಂದು ಪಾಲು ಸಿಗುತ್ತದೆ. ಗೇಟ್‌ವೇ ಪಕ್ಕದ ನೋಡ್‌ಗಂತೂ ಎಲ್ಲರ ಹೊರೆ. ಬ್ಯಾಟರಿ ಮೊದಲು ಖಾಲಿಯಾಗುವುದೂ ಅದರದ್ದೇ.

ತೋಟವನ್ನು ಮೂರು ಗುಂಪು ಮಾಡಿ, ಗುಂಪಿಗೊಂದು ಗೇಟ್‌ವೇ ಇಟ್ಟೆ. ಗುಂಪಿಗೊಂದರಂತೆ ಚಾನೆಲ್ 15, 20, 25: ವೈಫೈ ತನ್ನ 1, 6, 11ನೇ ಚಾನೆಲ್‌ಗಳಲ್ಲಿದ್ದರೆ ಅದರ ಅಡ್ಡಿ ಇವಕ್ಕೆ ಬಹುಮಟ್ಟಿಗೆ ತಗಲುವುದಿಲ್ಲ. ಗೇಟ್‌ವೇ ತಲುಪಲು ಎರಡು ಹಾಪ್ (ಒಂದು ಸಾಧನದಿಂದ ಇನ್ನೊಂದಕ್ಕೆ ಜಿಗಿತ) ಮೀರಬಾರದು. ರೀಡಿಂಗ್‌ಗಳನ್ನು ಬಿಡಿಬಿಡಿಯಾಗಿ ಕಳಿಸದೆ ಎಂಟನ್ನು ಒಂದೇ ಫ್ರೇಮ್‌ಗೆ (ಒಮ್ಮೆ ಕಳಿಸುವ ಡೇಟಾ ಕಂತೆಗೆ) ತುಂಬಿ. ಫ್ರೇಮ್‌ನ ಮಿತಿ ಹೆಡರ್ (ವಿಳಾಸ ಇತ್ಯಾದಿ ಇರುವ ಮುಂಭಾಗ) ಸೇರಿ 127 ಬೈಟ್. ಮಳೆಗಾಲದಲ್ಲಿ ಒದ್ದೆ ಸೋಗೆ 2.4 ಗಿಗಾಹರ್ಟ್ಸ್ ಸಿಗ್ನಲ್ ನುಂಗುತ್ತದೆ, ಬೇಸಿಗೆಯ ಅಳತೆ ನಂಬಿ ನೋಡ್‌ಗಳ ಅಂತರ ನಿರ್ಧರಿಸಬೇಡಿ.