ರ‍್ಯಾಲಿ ಕಾರು ಪಲ್ಟಿಯಾದರೆ: ಬೆಲ್ಟ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರಿಗೆ ಪಲ್ಟಿ ಹೊಸದಲ್ಲ. ಅಡ್ಡಡ್ಡ ಜಾರುತ್ತಿರುವಾಗ ಹೊರಗಿನ ಚಕ್ರ ಚರಂಡಿಗಿಳಿದರೆ, ಇಲ್ಲವೇ ಒಳಗಿನ ಚಕ್ರ ತಿರುವಿನ ದಿಬ್ಬ ಹತ್ತಿದರೆ ಸಾಕು, ಕಾರು ಮಗುಚುತ್ತದೆ. ರೋಲ್ ಕೇಜ್ (ಕಾರಿನೊಳಗಿನ ಉಕ್ಕಿನ ಪೈಪಿನ ಗೂಡು), ಆರು ಪಾಯಿಂಟ್ ಹಾರ್ನೆಸ್ (ಆರು ಕಡೆ ಬಿಗಿಯುವ ಸೀಟ್ ಬೆಲ್ಟ್), ಹೆಲ್ಮೆಟ್, ಹ್ಯಾನ್ಸ್ (ಹೆಲ್ಮೆಟ್ ಹಿಡಿದಿಟ್ಟು ಕುತ್ತಿಗೆ ಕಾಯುವ ಭುಜದ ಸಾಧನ) ನೆಟ್ಟಗಿದ್ದರೆ ಉರುಳುವಾಗ ಅವು ನಿಮ್ಮನ್ನು ಕಾಯುತ್ತವೆ. ಕಾರು ನಿಂತ ಮೇಲಿನ ಎರಡು ನಿಮಿಷ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ. ಹೊಸಬರು ಎಡವುವುದು ಅಲ್ಲೇ: ಒಂದು, ತಲೆಕೆಳಗಾಗಿ ನೇತಾಡುತ್ತಲೇ ಬಕಲ್ ತಿರುಗಿಸುವುದು, ಇನ್ನೊಂದು, ಹಿಂದಿನ ಕಾರು ಅದೇ ತಿರುವಿಗೆ ಬರುತ್ತಿದೆ ಎಂಬುದನ್ನು ಮರೆಯುವುದು.

ಉರುಳುವಾಗ ಮಾಡಬೇಕಾದ್ದು ಸ್ವಲ್ಪವೇ. ಸ್ಟೀರಿಂಗ್ ಬಿಟ್ಟು ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ಭುಜದ ಬೆಲ್ಟ್ ಹಿಡಿದುಕೊಳ್ಳಿ. ಮುಂದಿನ ಚಕ್ರ ನೆಲಕ್ಕೆ ಬಡಿದಾಗ ಸ್ಟೀರಿಂಗ್ ಗಿರ್ರನೆ ತಿರುಗಿ ಹೆಬ್ಬೆರಳು ಮುರಿಯಬಹುದು. ಚಾವಣಿಗೋ ಬಾಗಿಲಿಗೋ ಕೈ ಕೊಟ್ಟರೆ ಇನ್ನೂ ಅಪಾಯ: ಪಕ್ಕದ ಗಾಜು ಪುಡಿಯಾಗಿ ಕೈ ಹೊರಗೆ ಹೋಗಿ ಕಾರಿನಡಿ ಸಿಕ್ಕುತ್ತದೆ.

ಕಾರು ನಿಂತ ತಕ್ಷಣ

ಮೊದಲು ಎಂಜಿನ್ ಬಂದ್ ಮಾಡಿ, ಆಮೇಲೆ ಕಾರಿನ ಇಡೀ ವಿದ್ಯುತ್ ಕಡಿಯುವ ಮೇನ್ ಕಟ್-ಆಫ್ ಸ್ವಿಚ್ ಆಫ್ ಮಾಡಿ. ಎಂಜಿನ್ ತಾನಾಗಿ ನಿಂತಿದ್ದರೂ ಕಟ್-ಆಫ್ ಬಿಡುವಂತಿಲ್ಲ. ಬದಲಾಯಿಸಿದ ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಪಂಪಿಗೆ ಬೇರೆ ಸ್ವಿಚ್‌ನಿಂದ ನೇರ ವೈರ್ ಎಳೆದಿರುತ್ತಾರೆ. ಎಂಜಿನ್ ಸತ್ತರೂ ಪಂಪ್ ಓಡುತ್ತಲೇ ಇರುತ್ತದೆ. ಪೈಪ್ ಕಿತ್ತಿದ್ದರೆ ಅದು ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ಮೇಲಾಗಿ ಬಿಸಿ ಸೈಲೆನ್ಸರ್ ಪೈಪ್ ಈಗ ಮೇಲಿದೆ, ಸೋರಿದ್ದೆಲ್ಲ ಅದರ ಮೇಲೆ ಬೀಳಬಹುದು.

ಆಮೇಲೆ ಪಕ್ಕದ ಸೀಟಿನವರ (ಚಾಲಕ ಇಲ್ಲವೇ ದಾರಿ ಹೇಳುವ ಸಹಚಾಲಕ) ಹೆಸರು ಹಿಡಿದು ಕೂಗಿ. ಉತ್ತರ ಸ್ಪಷ್ಟವಾಗಿ ಬಂತೇ? ಕುತ್ತಿಗೆ ನೋವಿದೆಯೇ, ಕೈಕಾಲು ಜೋಮು ಹಿಡಿದಿದೆಯೇ ಎಂದು ಕೇಳಿ. ಇದೆ ಎಂದರೆ, ಬೆಂಕಿ, ಹೊಗೆ, ಪೆಟ್ರೋಲ್ ವಾಸನೆ ಇಲ್ಲದಿದ್ದರೆ, ಅವರನ್ನು ಅಲುಗಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ. ಅದಕ್ಕೆ ತರಬೇತಿ ಪಡೆದ ಇಬ್ಬರು ಬೇಕು, ಒಬ್ಬರು ತಲೆ ಹಿಡಿಯಲು, ಇನ್ನೊಬ್ಬರು ಹೆಲ್ಮೆಟ್ ಎಳೆಯಲು. ಬೆಂಕಿ ಕಂಡರೆ ಈ ಲೆಕ್ಕವೆಲ್ಲ ಬಿಟ್ಟು ಹೊರಗೆ ಬನ್ನಿ, ಹೊರಗೆ ತನ್ನಿ.

ತಲೆಕೆಳಗಾಗಿದ್ದರೆ ಇಳಿಯುವ ಬಗೆ

ಇಬ್ಬರೂ ಒಟ್ಟಿಗೆ ಬೆಲ್ಟ್ ಬಿಚ್ಚಬಾರದು. ಯಾರ ಕಡೆ ದಾರಿ ತೆರೆದಿದೆಯೋ ಅವರು ಮೊದಲು. ಇಂಟರ್‌ಕಾಮ್ ವೈರ್ ಕಿತ್ತುಕೊಳ್ಳಿ, ಇಲ್ಲದಿದ್ದರೆ ಹೊರಗೆ ತೂರುವಾಗ ಅದು ಹೆಲ್ಮೆಟ್ ಜಗ್ಗುತ್ತದೆ. ಎರಡೂ ಪಾದಗಳನ್ನು ಫುಟ್‌ರೆಸ್ಟಿಗೆ ಬಲವಾಗಿ ಒತ್ತಿ, ಮಂಡಿಗಳನ್ನು ಡ್ಯಾಶ್‌ಬೋರ್ಡಿನಡಿ ಸಿಕ್ಕಿಸಿ. ಒಂದು ಅಂಗೈಯನ್ನು ತಲೆಯ ಪಕ್ಕದಲ್ಲಿ ಚಾವಣಿಗೆ ಊರಿ ಮೈಭಾರ ಅದರ ಮೇಲೆ ತನ್ನಿ. ಗದ್ದ ಎದೆಗೆ ತಾಗಲಿ. ಈಗ ಇನ್ನೊಂದು ಕೈಯಿಂದ ಬಕಲ್ ತಿರುಗಿಸಿ. ಹೀಗೆ ಮಾಡದಿದ್ದರೆ ಬುಡ ಕಡಿದ ಹಲಸಿನ ಹಣ್ಣಿನ ಹಾಗೆ ನೆತ್ತಿ ಮೇಲೆ ಬೀಳುತ್ತೀರಿ. ಬೀಳುವ ಎತ್ತರ ಒಂದು ಗೇಣಿದ್ದರೂ ಇಡೀ ಮೈಭಾರ ಕುತ್ತಿಗೆಯ ಮೇಲೆ. ಭುಜ ಮೊದಲು ನೆಲಕ್ಕೆ ತಾಗಿದ ಮೇಲೆ ಕಾಲು ಇಳಿಸಿ. ಹೆಲ್ಮೆಟ್, ಹ್ಯಾನ್ಸ್, ಗ್ಲೌಸ್ ಹೊರಗೆ ಬರುವ ತನಕ ಮೈಮೇಲೇ ಇರಲಿ, ಕೆಳಗೆಲ್ಲ ಗಾಜಿನ ಚೂರು.

ಬಕಲ್ ಬಿಗಿದುಕೊಂಡರೆ ಬೆಲ್ಟ್ ಕಟರ್. ಮೊದಲು ಭುಜದ ಪಟ್ಟಿ, ಕೊನೆಗೆ ಸೊಂಟದ ಪಟ್ಟಿ, ಏಕೆಂದರೆ ತೂಗುವುದು ಸೊಂಟದಿಂದಲೇ. ಎಫ್‌ಐಎ (ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಂತೆ ಕಾರಿನಲ್ಲಿ ಎರಡು ಕಟರ್ ಇರಬೇಕು, ಬೆಲ್ಟ್ ಬಿಗಿದು ಕುಳಿತಾಗ ಇಬ್ಬರ ಕೈಗೂ ಸಿಗಬೇಕು. ಗ್ಲೋವ್ ಬಾಕ್ಸಿನೊಳಗಿಟ್ಟ ಕಟರ್ ಇದ್ದೂ ಇಲ್ಲದಂತೆ.

ಕಾರು ಪಕ್ಕಕ್ಕೆ ಮಲಗಿದ್ದರೆ ಕ್ರಮ ಬೇರೆ. ಕೆಳಗಿರುವವರು ಮೊದಲು ಬೆಲ್ಟ್ ಬಿಚ್ಚಿ ಎದ್ದು ನಿಂತು ಮೇಲಿನವರಿಗೆ ಹೆಗಲು ಕೊಡಬೇಕು. ಮೇಲಿನವರು ಮೊದಲು ಬಿಚ್ಚಿದರೆ ನೇರ ಕೆಳಗಿನವರ ಮೇಲೆ. ಮೇಲಿನ ಬಾಗಿಲು ಭಾರ, ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ಹಿಂದಿನ ಡಿಕ್ಕಿ ಬಾಗಿಲು ತೆರೆದರೆ ಅದೇ ಒಳ್ಳೆಯ ದಾರಿ.

ಮುಂದಿನ ಕಾರು ಬರುವ ಮೊದಲು

ಹೊರಗೆ ಬಂದವರು ಫೋನ್ ಹುಡುಕಬಾರದು, ಜಜ್ಜಿದ ಬಾನೆಟ್ ನೋಡುತ್ತ ನಿಲ್ಲಲೂಬಾರದು. ಕೆಂಪು ತ್ರಿಕೋನವನ್ನು ಕಾರುಗಳು ಬರುವ ದಿಕ್ಕಿನಲ್ಲಿ, ಕಾರಿರುವ ಬದಿಯಲ್ಲೇ, ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ಬರುವವರಿಗೆ ಅದು ತಿರುವಿಗೆ ಮೊದಲೇ ಕಾಣಬೇಕು. ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ, ಜಾರುವ ಕಾರು ಬರುವುದೇ ಅಲ್ಲಿಗೆ; ಧರೆಯ ಮೇಲೆ ಹತ್ತಿ.

ನಂತರ ಬರುವ ಕಾರುಗಳಿಗೆ ತೋರಿಸುವ ಫಲಕ. ಯಾರಿಗಾದರೂ ವೈದ್ಯರು ಬೇಕಿದ್ದರೆ ಕೆಂಪು ಎಸ್‌ಒಎಸ್, ಬೇಡದಿದ್ದರೆ ಹಸಿರು ಓಕೆ. ಓಕೆಯನ್ನು ಮುಂದಿನ ಮೂರು ಕಾರುಗಳಿಗಾದರೂ ತೋರಿಸಬೇಕು. ಕೆಂಪು ಫಲಕ ಕಂಡ ಮೊದಲ ಕಾರು ನಿಂತು ನೆರವಾಗಬೇಕು, ಎರಡನೆಯದು ಮುಂದಿನ ರೇಡಿಯೊ ಪಾಯಿಂಟಿಗೆ (ದಾರಿ ಬದಿಯಲ್ಲಿ ರೇಡಿಯೊ ಹಿಡಿದ ರ‍್ಯಾಲಿ ಸಿಬ್ಬಂದಿ ಇರುವ ಜಾಗ) ಸುದ್ದಿ ಮುಟ್ಟಿಸಬೇಕು. ತೋಟದ ಕಣಿವೆಗಳಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲವಾದ್ದರಿಂದ ಈ ನಿಯಮಕ್ಕೆ ಬಹಳ ಬೆಲೆ.

ಬೆಂಕಿ ಸಣ್ಣದಿದ್ದರೆ ಆರಿಸುವ ಸಿಲಿಂಡರನ್ನು ನೆಟ್ಟಗೆ ಹಿಡಿದು ಜ್ವಾಲೆಯ ಬುಡಕ್ಕೆ ಹಾಯಿಸಿ. ತಲೆಕೆಳಗು ಮಾಡಿದರೆ ಬರಿಯ ಗ್ಯಾಸ್ ಹೋಗುತ್ತದೆ. ಎರಡು ಕಿಲೋ ಪುಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಆಮೇಲೂ ಉರಿದರೆ ದೂರ ಸರಿಯಿರಿ.

ಜನ ಬಂದು ಎತ್ತುವಾಗ

ನಮ್ಮ ಕಡೆ ಇದೊಂದು ಬೇರೆಯೇ ಅಪಾಯ. ಪ್ರೇಕ್ಷಕರು ಓಡಿಬಂದು ‘ಹಾಕ್ರೋ ಕೈ’ ಎಂದು ಕಾರನ್ನು ಮಗುಚಿಬಿಡುತ್ತಾರೆ; ಮನಸ್ಸು ಒಳ್ಳೆಯದೇ, ಆದರೆ ಒಳಗೆ ಒಬ್ಬರು ಇನ್ನೂ ನೇತಾಡುತ್ತಿರಬಹುದು. ಇಬ್ಬರೂ ಹೊರಗಿದ್ದಾರೆಯೇ, ಬೀಡಿ ಸಿಗರೇಟು ಆರಿದೆಯೇ, ಕಾರು ಬೀಳುವ ಕಡೆ ಯಾರೂ ಇಲ್ಲವೇ ನೋಡಿದ ಮೇಲಷ್ಟೇ ಎತ್ತಲು ಬಿಡಿ. ಗೇರ್ ಹಾಕಿಟ್ಟು ಕಲ್ಲು ಸಿದ್ಧವಾಗಿಡಿ. ಇಳಿಜಾರಿನಲ್ಲಿ ನಾಲ್ಕು ಚಕ್ರ ನೆಲ ಮುಟ್ಟಿದ ಕ್ಷಣವೇ ಕಾರು ಉರುಳತೊಡಗುತ್ತದೆ.

ಸ್ಟಾರ್ಟ್ ಮಾಡುವ ಆತುರ ಬೇಡ. ಮಗುಚಿದಾಗ ಆಯಿಲ್ ಎಂಜಿನ್ನಿನ ಸಿಲಿಂಡರಿನೊಳಗೆ ಇಳಿದಿರಬಹುದು; ಹಾಗೇ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪೆಟ್ರೋಲ್ ಪಂಪ್, ಇಗ್ನಿಷನ್ ಎರಡನ್ನೂ ಕಡಿದು, ಎಂಜಿನ್ ತಿರುಗಿಸಿ ಆಯಿಲ್ ಹೊರಹಾಕಿ. ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ.

ಸಂಜೆ ಮತ್ತು ಮರುವಾರ

ಏನೂ ಆಗಿಲ್ಲ ಅನ್ನಿಸಿದರೂ ರ‍್ಯಾಲಿ ವೈದ್ಯರಿಗೆ ತೋರಿಸಿ. ತಲೆನೋವು, ವಾಂತಿ, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕು ಸಹಿಸದಿರುವುದು ಮಿದುಳಿಗೆ ಪೆಟ್ಟಾದ ಗುರುತು. ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸುತ್ತದೆ. ಆ ರಾತ್ರಿ ಒಬ್ಬರೇ ಇರಬೇಡಿ, ವಾಪಸ್ ಊರಿಗೆ ನೀವೇ ಗಾಡಿ ಓಡಿಸಬೇಡಿ.

ತಲೆ ಬಡಿದಿದ್ದರೆ ಆ ಹೆಲ್ಮೆಟ್ ಮುಗಿಯಿತು. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಗೀರೂ ಕಾಣದಿರಬಹುದು. ಜೋರಿನ ಪಲ್ಟಿ ಕಂಡ ಹಾರ್ನೆಸ್ ಕೂಡ ಅಷ್ಟೇ: ಒಮ್ಮೆ ಹಿಗ್ಗಿದ ಪಟ್ಟಿ ಮುಂದಿನ ಸಲ ಅಷ್ಟು ಹಿಡಿಯದು, ಮೇಲಿನ ಚೀಟಿಯಲ್ಲಿ ಅವಧಿ ಉಳಿದಿದ್ದರೂ ಬದಲಾಯಿಸಿ. ಕೇಜ್ ಪೈಪ್ ಬಾಗಿದ್ದರೆ ಗ್ಯಾಸ್ ಹಿಡಿದು ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುವ ವರ್ಕ್‌ಶಾಪಿನಿಂದ ದೂರವಿರಿ. ಆ ಪೈಪ್ ಕತ್ತರಿಸಿ ಹೊಸದು ಹಾಕಿಸಿ, ಸೀಟುಗಳ ಹಿಂದೆ ಕಮಾನಿನಂತೆ ನಿಲ್ಲುವ ಮೇನ್ ಹೂಪ್‌ಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪೇ ಇರಲಿ. ಕೇಜಿನ ಪಾದಗಳು ಕೂರುವ ನೆಲದ ತಗಡಿನಲ್ಲಿ ಬಿರುಕಿದೆಯೇ ಎಂದು ಮ್ಯಾಟ್ ಎತ್ತಿ, ಬಣ್ಣ ಕೆರೆದು ನೋಡಿ.