ನೋವು ಎತ್ತ ಸರಿಯುತ್ತಿದೆ, ಗಮನಿಸಿ

ಸೊಂಟ ಹಿಡಿದುಕೊಂಡರೆ ಮೊದಲು ಹುಡುಕುವುದು ಹಾಸಿಗೆಯನ್ನೇ, ಅಲ್ವಾ? ಒಂದೆರಡು ದಿನ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ. ನೋವು ತಡೆದುಕೊಳ್ಳುವಷ್ಟಿದ್ದರೆ ಎದ್ದು ಓಡಾಡುವುದೇ ಒಳ್ಳೆಯದು.

ವ್ಯಾಯಾಮ ಶುರು ಮಾಡುವ ಮುಂಚೆ ಇದನ್ನು ದಯವಿಟ್ಟು ಓದಿ. ಮಲಮೂತ್ರದ ಹಿಡಿತ ತಪ್ಪಿದೆಯೇ? ತೊಡೆಸಂದಿನಲ್ಲಿ ಸ್ಪರ್ಶ ತಿಳಿಯುತ್ತಿಲ್ಲವೇ? ಕೈ ಅಥವಾ ಕಾಲಿನ ಬಲ ಕುಂದುತ್ತಿದೆಯೇ? ಹಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಬಂದ ನೋವಾದರೆ, ಜೊತೆಗೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕೂಡ ಮೊದಲು ಡಾಕ್ಟರಿಗೆ ತೋರಿಸಿ.

ಈಗ ವ್ಯಾಯಾಮ. ಯಾವುದನ್ನು ಮಾಡಬೇಕು ಎನ್ನುವುದನ್ನು ನಿಮ್ಮ ನೋವೇ ಹೇಳುತ್ತದೆ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಕಾಲಿನ ನೋವು ಮಾಯವಾಗಿತ್ತು! ಈ ಅನುಭವದ ಜಾಡು ಹಿಡಿದು ಮೆಕೆಂಜಿ ಕಟ್ಟಿದ ವಿಧಾನದ ತಿರುಳು ಸರಳ. ನೋವು ಕಾಲಿನಿಂದ ಸೊಂಟದತ್ತ ಏರಿದರೆ ಒಳ್ಳೆಯ ಲಕ್ಷಣ, ಸೊಂಟದಲ್ಲಿ ತುಸು ಜಾಸ್ತಿ ಅನಿಸಿದರೂ ಸರಿ. ಕಾಲಿನತ್ತ ಇಳಿದರೆ ಆ ವ್ಯಾಯಾಮ ಬಿಟ್ಟುಬಿಡಿ.

ನೀವೂ ಹೀಗೆ ನೋಡಬಹುದು. ಬೋರಲು ಮಲಗಿ ಎರಡು ನಿಮಿಷ ಸುಮ್ನೆ ಇರಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ. ನೋವು ಕಾಲಿಗೆ ಇಳಿಯದಿದ್ದರೆ ಅಂಗೈ ಊರಿ, ಸೊಂಟ ನೆಲಕ್ಕೇ ಬಿಟ್ಟು, ಎದೆಯನ್ನು ಇನ್ನಷ್ಟು ಎತ್ತಿ ಇಳಿಸಿ. ಹತ್ತು ಸಲ ಸಾಕು. ನಿಂತಾಗ, ನಡೆದಾಗ ನೋವು ಹೆಚ್ಚಿ, ಕೂತರೆ ಹಗುರಾಗುವವರಿಗೆ ಇದು ಒಗ್ಗದಿರಬಹುದು. ಅವರು ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಂಡು ನೋಡಲಿ. ಬೆಳಿಗ್ಗೆ ಎದ್ದ ಕೂಡಲೇ ಮಾತ್ರ ಬೇಡ. ರಾತ್ರಿಯಿಡೀ ನೀರು ಹೀರಿದ ಡಿಸ್ಕ್‌ಗಳು (ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು) ಆಗ ಉಬ್ಬಿರುತ್ತವೆ, ಮುಂದಕ್ಕೆ ಬಾಗಿದರೆ ಒತ್ತಡ ಹೆಚ್ಚು. ಒಂದು ಗಂಟೆ ಕಳೆಯಲಿ.

ನೋವು ತಗ್ಗಿದ ಮೇಲೆ ಬೆನ್ನಿಗೆ ಬಲ ತುಂಬಿ. ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ. ಎಂಟು–ಹತ್ತು ಸೆಕೆಂಡ್ ಹಾಗೇ ಇರಿ. ಸೊಂಟ ಓಲಾಡಬಾರದು. ಆಮೇಲೆ ಕೈಕಾಲು ಬದಲಿಸಿ.

ಕತ್ತಿನ ಲೆಕ್ಕವೂ ಇದೇ. ತಲೆಯ ತೂಕ ಸುಮಾರು 5 ಕಿಲೋ. ಗಂಟೆಗಟ್ಟಲೆ ಮುಂದಕ್ಕೆ ಚಾಚಿಕೊಂಡೇ ಕೂತರೆ ಹಿಂಭಾಗದ ಸ್ನಾಯುಗಳು ಸೋಲುತ್ತವೆ. ನೇರ ಕೂತು, ಮುಖ ಎತ್ತದೆ ತಗ್ಗಿಸದೆ, ಗದ್ದವನ್ನು ಹಿಂದಕ್ಕೆ ಸರಿಸಿ. ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರ್ನಾಲ್ಕು ಬಾರಿ. ನೋವು ತೋಳಿಗೆ ಇಳಿದರೆ, ತಲೆ ಸುತ್ತಿದರೆ ನಿಲ್ಲಿಸಿ.

ಎಷ್ಟು ಮಾಡಬೇಕು? ಮಾರನೇ ದಿನ ನೋಡಿ. ಬೆಳಗಾಗುವಷ್ಟರಲ್ಲಿ ನೋವು ಮೊದಲಿನಷ್ಟಕ್ಕೇ ಇಳಿದಿದ್ದರೆ ಅಳತೆ ಸರಿಯಿದೆ. ಹೆಚ್ಚಾಗಿದ್ದರೆ ಅರ್ಧಕ್ಕೆ ಇಳಿಸಿ, ಪೂರಾ ಬಿಡಬೇಡಿ. ಕೆಲವು ವಾರ ಕಳೆದರೂ ಗುಣ ಕಾಣದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಹೋಗುವಾಗ ಯಾವ ಚಲನೆಗೆ ನೋವು ಎತ್ತ ಸರಿಯಿತು ಎಂದು ಬರೆದಿಟ್ಟ ಚೀಟಿ ಕೈಯಲ್ಲಿರಲಿ. ಅವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.